ಆರು ಸಿಲಿಂಡರ್ ಎಂಜಿನ್ನಿಗೆ ಹೆಚ್ಚು ಬಲ: ಯಾವುದು ಮೊದಲು, ಯಾವುದು ಆಮೇಲೆ

ಅಮೆರಿಕದಲ್ಲಿ 1996ರಿಂದ ಮಾರಾಟವಾದ ಬಿಎಂಡಬ್ಲ್ಯು 328ಐ ಕಾರಿನದು 2.8 ಲೀಟರಿನ, ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ ಎಂಜಿನ್. ಬಲ 190 ಅಶ್ವಶಕ್ತಿ. ಅದಕ್ಕೂ ಹಿಂದಿನ 325ಐ ಎಂಜಿನ್ 2.5 ಲೀಟರಿನದಾದರೂ 189 ಕೊಡುತ್ತಿತ್ತು. ಮುನ್ನೂರು ಸಿಸಿ ಹೆಚ್ಚಿದರೂ ಬಲ ಏರದಿದ್ದುದಕ್ಕೆ ಮುಖ್ಯ ಕಾರಣ ಇನ್‌ಟೇಕ್ ಮ್ಯಾನಿಫೋಲ್ಡು. ಹೊಸ ಎಂಜಿನ್ನಿನಲ್ಲಿ ಅದರ ಕೊಳವೆಗಳು ಕಿರಿದಾದವು. ಕಿರಿದಾದ ಕೊಳವೆಯಲ್ಲಿ ಗಾಳಿ ಕಡಿಮೆ ಆರ್‌ಪಿಎಂನಲ್ಲೂ ರಭಸದಿಂದ ನುಗ್ಗುವುದರಿಂದ ಪಿಕಪ್ ಚೆನ್ನಾಗಿರುತ್ತದೆ. 5,000 ದಾಟಿದರೆ ಉಸಿರು ಕಟ್ಟುತ್ತದೆ.

ಹಾಗಾಗಿ ಈ ಕಾರಿಗೆ ಬಲ ಹೆಚ್ಚಿಸಲು ಹೊರಟವರ ಕಣ್ಣು ಮೊದಲು ಬೀಳುವುದು 325ಐನ ಅಗಲ ಮ್ಯಾನಿಫೋಲ್ಡಿನ ಮೇಲೆ. ಆದರೆ ಮೊದಲು ನೋಡಬೇಕಾದದ್ದು ಕೂಲಿಂಗ್. ರೇಡಿಯೇಟರಿನ ಪ್ಲಾಸ್ಟಿಕ್ ಕತ್ತು ವರ್ಷಗಳ ಬಿಸಿಗೆ ಎಷ್ಟು ಪೆಡಸಾಗಿರುತ್ತದೆಂದರೆ, ಹೋಸಿನ ಕ್ಲಾಂಪ್ ಸಡಿಲಿಸಿ ಎಳೆದಾಗ ಅದರ ಚೂರು ಹೋಸಿನ ಜೊತೆಗೇ ಕೈಗೆ ಬರುವುದುಂಟು. ಥರ್ಮೋಸ್ಟಾಟ್ ಕವರು, ಕೆಲವು ವಾಟರ್ ಪಂಪುಗಳ ಒಳಗಿನ ಫ್ಯಾನು ಕೂಡ ಪ್ಲಾಸ್ಟಿಕ್ಕಿನವೇ. ಅಟ್ಲಾಂಟಾದ ಜುಲೈ ಬಿಸಿಲಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಒಮ್ಮೆ ಓವರ್‌ಹೀಟ್ ಆದರೂ ಸಾಕು, ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಬಹುದು. ಆಮೇಲೆ ಬಲದ ಮಾತು ಬಿಟ್ಟು ಎಂಜಿನ್ ಉಳಿಸಿಕೊಳ್ಳುವ ಮಾತು ಆಡಬೇಕಾಗುತ್ತದೆ. ಪಂಪು, ಥರ್ಮೋಸ್ಟಾಟ್, ರೇಡಿಯೇಟರ್, ಹೋಸು ಎಲ್ಲವನ್ನೂ ಒಟ್ಟಿಗೆ ಬದಲಿಸುವುದೇ ಕ್ಷೇಮ. ಈ ಖರ್ಚಿನಿಂದ ಒಂದು ಅಶ್ವಶಕ್ತಿಯೂ ಏರುವುದಿಲ್ಲ, ಅದಕ್ಕೇ ಹೆಚ್ಚಿನವರು ಮುಂದಕ್ಕೆ ಹಾಕುತ್ತಾರೆ.

ಹಳೆ ಮ್ಯಾನಿಫೋಲ್ಡು ಹೊಸ ಹೆಡ್ಡಿಗೆ ಬೋಲ್ಟಿನಲ್ಲಿ ಸರಿಯಾಗಿ ಕೂರುತ್ತದೆ. ತೊಡಕಿರುವುದು ಥ್ರಾಟಲ್, ಐಡಲ್ ವಾಲ್ವ್, ವ್ಯಾಕ್ಯೂಮ್ ಪೈಪುಗಳಲ್ಲಿ. ಅವಕ್ಕೆ ಅಡಾಪ್ಟರ್ ಬೇಕು. ಎಲ್ಲಿಯಾದರೂ ಗಾಳಿ ಸೋರಿದರೆ ಐಡಲ್ ಏರಿಳಿದು ಚೆಕ್ ಎಂಜಿನ್ ದೀಪ ಹತ್ತುತ್ತದೆ. ಜೊತೆಗೆ 3.2 ಲೀಟರಿನ, 240 ಅಶ್ವಶಕ್ತಿಯ ಎಂ3ಯ ಕ್ಯಾಮ್‌ಶಾಫ್ಟುಗಳನ್ನು ಹಾಕಿ, ಕಂಪ್ಯೂಟರಿನ ಸಾಫ್ಟ್‌ವೇರನ್ನು ಹೊಸ ಗಾಳಿಯ ಲೆಕ್ಕಕ್ಕೆ ಹೊಂದಿಸಿದರೆ ಮಾತ್ರ ಪೂರ್ತಿ ಫಲ ಸಿಗುವುದು. ಅಟ್ಲಾಂಟಾ ಸುತ್ತಲಿನ ಬಂಕುಗಳಲ್ಲಿ 93 ಆಕ್ಟೇನಿನ ಪೆಟ್ರೋಲ್ ಸಿಗುವುದು ಒಂದು ಅನುಕೂಲ. ಅಮೆರಿಕದ ಈ ಅಂಕಿ ಎರಡು ಅಳತೆಗಳ ಸರಾಸರಿ. ಭಾರತದ ಬಂಕುಗಳ ಲೆಕ್ಕದಲ್ಲಿ ಅದು ಸುಮಾರು 98. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಸಿಗುವ 91ಕ್ಕೆಂದು ಬರೆದ ಸಾಫ್ಟ್‌ವೇರ್ ಹಾಕಿಕೊಂಡವರು ಇಲ್ಲಿ ಸಿಗಬಹುದಾದ ಬಲವನ್ನು ಸ್ವಲ್ಪ ಬಿಟ್ಟುಕೊಟ್ಟಂತೆ.

ಗಳಿಸಿದ್ದು ಮೇಲಿನ ಆರ್‌ಪಿಎಂನಲ್ಲಿ, ಕಳೆದದ್ದು ಕೆಳಗಿನದರಲ್ಲಿ. ವರ್ಜೀನಿಯಾ ಇಂಟರ್‌ನ್ಯಾಶನಲ್ ರೇಸ್‌ವೇಯ ಉದ್ದನೆಯ ನೇರ ದಾರಿಯಲ್ಲೋ ರೋಡ್ ಅಟ್ಲಾಂಟಾದಲ್ಲೋ ಓಡಿಸುವವರಿಗೆ ಇದು ಲಾಭದ ವ್ಯಾಪಾರ. ದಿನಾ ವಾಷಿಂಗ್ಟನ್ನಿನ ಬೆಲ್ಟ್‌ವೇಯಲ್ಲಿ ತೆವಳುವವರಿಗೆ ನಷ್ಟದ್ದು. ಕಾರು ಮೊದಲಿಗಿಂತ ಮಂದ ಎನಿಸುತ್ತದೆ. ಅಂಥವರಿಗೆ ಎಂಜಿನ್ ಮುಟ್ಟದೆ ಡಿಫರೆನ್ಶಿಯಲ್ ಬದಲಿಸುವುದೇ ಮೇಲು. ಮ್ಯಾನ್ಯುವಲ್ 328ಐನಲ್ಲಿರುವುದು 2.93 ಅನುಪಾತದ್ದು, ಎಂ3ಯ 3.23ರದ್ದು ಹಾಕಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಶೇ. 10ರಷ್ಟು ಹೆಚ್ಚುತ್ತದೆ. ಷಾರ್ಲಟ್‌ನಿಂದ ಅಟ್ಲಾಂಟಾಕ್ಕೆ ಹೋಗುವ ಐ-85ರಲ್ಲಿ ಎಂಜಿನ್ ಅಷ್ಟೇ ಪಾಲು ಹೆಚ್ಚು ತಿರುಗುವುದರಿಂದ ಮೈಲೇಜ್ ತುಸು ಇಳಿಯುತ್ತದೆ.

ಸೂಪರ್‌ಚಾರ್ಜರ್ ಬೇರೆಯದೇ ಬಜೆಟ್ಟು. ಈ ಎಂಜಿನ್ನಿನ ಕಂಪ್ರೆಷನ್ ಮೊದಲೇ ಹತ್ತಕ್ಕೆ ಒಂದರ ಮೇಲಿರುವುದರಿಂದ ಗಾಳಿಯ ಒತ್ತಡ ಹೆಚ್ಚಿಸಿದರೆ ನಾಕಿಂಗ್ ಶುರುವಾಗಬಹುದು.

ಉಳಿದದ್ದು ಕಾನೂನು. ಅಟ್ಲಾಂಟಾ ಸುತ್ತಲಿನ 13 ಕೌಂಟಿಗಳಲ್ಲಿ 25 ವರ್ಷ ದಾಟಿದ ಕಾರಿಗೆ ಹೊಗೆ ತಪಾಸಣೆ ಇಲ್ಲ. ದಕ್ಷಿಣ ಕ್ಯಾರೊಲಿನಾದಲ್ಲಿ ಯಾವ ಕಾರಿಗೂ ಇಲ್ಲ. ಆದರೆ ರಸ್ತೆಯ ಮೇಲೆ ಓಡುವ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವುದು ಕೇಂದ್ರ ಸರ್ಕಾರದ ಕ್ಲೀನ್ ಏರ್ ಆಕ್ಟ್ ಪ್ರಕಾರ ಎಲ್ಲ ರಾಜ್ಯಗಳಲ್ಲೂ ಕಾನೂನುಬಾಹಿರ.