ಎರಿಯ ಆಳ, ಮಡ್ಡಿಯ ಹುಲ್ಲು

ನಮ್ಮ ಅಸುಂಡಿಯಲ್ಲಿ ಹೊಲದ ಮಾತು ಬಂದರೆ ಎಷ್ಟು ಎಕರೆ ಎಂದು ಮೊದಲು ಕೇಳುತ್ತಾರೆ, ಎರಿಯೋ ಮಸಾರಿಯೋ ಎಂದು ಆಮೇಲೆ. ಎರಿಯಾದರೆ ಎಷ್ಟು ಆಳ ಎಂದು ಕೇಳುವವರು ಕಡಿಮೆ. ಅಪ್ಪನ ನಂತರ ಬೇಸಾಯ ನನ್ನ ಕೈಗೆ ಬಂದಾಗ ನನ್ನ ಪಾಲಿಗೆ ಮೂರು ಥರದ ನೆಲ ಇತ್ತು. ಮೇಲೆ ಕುರಿ, ದನ ಮೇಯುವ ಮಡ್ಡಿ. ನಡುವೆ ಇಳಿಜಾರಿನ ತೆಳು ಎರಿ. ಕೆಳಗೆ ಹಳ್ಳಕ್ಕೆ ಹತ್ತಿದ ಆಳದ ಎರಿ. ಮೇಲಿನ ಬದುವಿನಲ್ಲಿ ನಿಂತು ಕೂಗಿದರೆ ಹಳ್ಳದಲ್ಲಿದ್ದವರಿಗೆ ಕೇಳಿಸುತ್ತದೆ, ಅಷ್ಟೇ ದೂರ. ಆದರೂ ಮೂರರ ಲೆಕ್ಕ ಬೇರೆ ಬೇರೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದರೆ ಬೀಜವೂ ಹೋಗುತ್ತದೆ, ಮೇವೂ ಹೋಗುತ್ತದೆ.

ಎರಿ, ಅಂದರೆ ಕಪ್ಪು ಮಣ್ಣು, ದಖ್ಖನ್ನಿನ ಲಾವಾದಿಂದ ಆದದ್ದು ಎಂದು ಶಾಲೆಯಲ್ಲಿ ಓದಿದ್ದೆವು. ವಿಜಯಪುರ, ಕಲಬುರಗಿ ಕಡೆ ಅದು ಖರೆ; ಅಲ್ಲಿಯ ಲಾವಾಕ್ಕೆ ಸುಮಾರು 6.6 ಕೋಟಿ ವರ್ಷ. ನಮ್ಮ ಗದಗದ ನೆಲದಡಿ ಆ ಕಲ್ಲು ಸಿಗುವುದಿಲ್ಲ. ನಮ್ಮ ಮಣ್ಣಿನ ತವರು ಬಿಂಕದಕಟ್ಟಿಯಿಂದ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನ ತನಕ ಹಬ್ಬಿದ ಕಪ್ಪತಗುಡ್ಡದ ಸಾಲು. ಅಲ್ಲಿಯ ಹಸಿರು ಛಾಯೆಯ ಕಲ್ಲೂ ಒಂದು ಕಾಲಕ್ಕೆ ಲಾವಾನೇ, ಆದರೆ ಅದು 250 ಕೋಟಿ ವರ್ಷಕ್ಕೂ ಹಿಂದಿನದು. ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕಾಗಿ ತೋಡಿದ್ದು ಇದೇ ಸಾಲನ್ನು. ಚಿನ್ನ ಯಾರಿಗೆಷ್ಟು ಸಿಕ್ಕಿತೋ, ನಮಗೆ ಎರಿ ಸಿಕ್ಕಿತು. ಕಲ್ಲು ಕೊಳೆತು ಪುಡಿಯಾಗಿ, ಮಳೆನೀರಿನ ಜೊತೆ ಇಳಿಯುವಾಗ ದಪ್ಪ ಹರಳು ಮೇಲೆಯೇ ಉಳಿಯಿತು. ನುಣುಪು ಜಿಗಟು ತಗ್ಗಿಗೆ ಹೋಗಿ ಕೂತಿತು. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ನಮ್ಮ ಮಳೆಗೆ ಈ ಕಲ್ಲಿನ ಸುಣ್ಣ, ಮೆಗ್ನೀಷಿಯಂ ತೊಳೆದು ಒಯ್ಯುವ ಶಕ್ತಿ ಇಲ್ಲ. ಅವು ಅಲ್ಲೇ ನಿಂತು, ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜಿಗಟು ಹುಟ್ಟಿತು. ಮಣ್ಣಿನ ಶಾಸ್ತ್ರದವರು ಅದನ್ನು ಮಾಂಟ್‌ಮೊರಿಲೊನೈಟ್ ಎನ್ನುತ್ತಾರೆ.

ಇದನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ಹಳ್ಳದ ದಡ ಕುಸಿದ ಜಾಗಕ್ಕೆ ಹೋಗಬೇಕು. ಮೇಲಿನ ನಾಲ್ಕು ಬೆರಳು ಸಡಿಲು ಪುಡಿ. ಅದರ ಕೆಳಗೆ ಮೂಲೆಮೂಲೆಯಾಗಿ ಒಡೆಯುವ ಹೆಂಟೆ. ಎದೆಯ ಮಟ್ಟದಲ್ಲಿ ಒಂದು ಹೆಂಟೆ ಕಿತ್ತರೆ ಅದರ ಓರೆ ಮೈ ಎಣ್ಣೆ ಸವರಿದ ಹಾಗೆ ಮಿರುಗುತ್ತದೆ, ಬೆರಳಾಡಿಸಿದರೆ ಸಣ್ಣ ಗೀರುಗಳು ಹತ್ತುತ್ತವೆ. ಉಬ್ಬಿದ ಮಣ್ಣು ಜಾಗ ಸಾಲದೆ ಒಂದಕ್ಕೊಂದು ಉಜ್ಜಿಕೊಂಡ ಗುರುತು ಅದು. ಇನ್ನೂ ಕೆಳಗೆ ಬಿಳಿ ಸುಣ್ಣದ ಹರಳು. ಲಿಂಬಿಹಣ್ಣು ಹಿಂಡಿದರೆ ಸಣ್ಣಗೆ ಬುರುಗು ಬರುತ್ತದೆ. ಆಮೇಲೆ ಗರಸು, ಅದರಡಿ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಹಸಿರು ಕಲ್ಲು. ಬೇಸಿಗೆಯಲ್ಲಿ ಮೇಲಿನ ಪುಡಿ ಬಿರುಕಿನೊಳಗೆ ಬೀಳುತ್ತದೆ, ಮಳೆ ಬಂದು ಮಣ್ಣು ಉಬ್ಬಿದಾಗ ಒಳಗಿನದು ಮೇಲಕ್ಕೆ ಒತ್ತುತ್ತದೆ. ಹೀಗೆ ಎರಿ ತನ್ನನ್ನು ತಾನೇ ತಿರುವಿ ಹಾಕಿಕೊಳ್ಳುತ್ತದೆ. ಆರಿಸಿ ತೆಗೆದ ಕಲ್ಲು ಕೆಲವು ವರ್ಷಕ್ಕೆ ಮತ್ತೆ ಮೇಲೆ ಬಂದಾಗ ಮಂದಿ ಯಾರೋ ಒಗೆದರು ಎಂದು ನೆರೆಯವನ ಮೇಲೆ ಸಂಶಯ ಪಡುತ್ತಾರೆ.

ಆಳ ತಿಳಿಯಲು ಉಪಕರಣ ಬೇಕಿಲ್ಲ. ಏಪ್ರಿಲ್ ಕೊನೆಯಲ್ಲಿ ತೊಗರಿ ಕಟ್ಟಿಗೆ ಹಿಡಿದು ಹೊಲ ತಿರುಗಿದರೆ ಸಾಕು. ತೆಳು ಎರಿಯಲ್ಲಿ ಬಿರುಕು ಸಣ್ಣದು, ಒತ್ತೊತ್ತಾಗಿರುತ್ತದೆ. ಕಟ್ಟಿಗೆ ಗೇಣು ಎರಡು ಗೇಣಿಗೆ ಗರಸಿಗೆ ತಾಗಿ ಟಕ್ಕೆನ್ನುತ್ತದೆ. ಹಳ್ಳದ ಕಡೆ ಬಿರುಕು ಅಂಗೈ ಹೋಗುವಷ್ಟು ಅಗಲ, ಕಟ್ಟಿಗೆ ಕೈ ಬಿಟ್ಟರೆ ಒಳಗೇ ಹೋಗುತ್ತದೆ. ಬಿರುಕು ಸೊಟ್ಟಗೆ ಇಳಿಯುವುದರಿಂದ ಅಳತೆ ಪಕ್ಕಾ ಅಲ್ಲ, ಆದರೆ ಯಾವ ಪಟ್ಟಿಗೆ ಏನು ಬಿತ್ತಬೇಕು ಎಂಬುದಕ್ಕೆ ಅಷ್ಟು ಸಾಕಾಗುತ್ತದೆ. ಒಂದು ಮೀಟರ್ ಆಳದ ಎರಿ, ಬೆಳೆಯ ಬೇರಿಗೆ ಸಿಗುವಂತೆ 150ರಿಂದ 200 ಮಿ.ಮೀ. ನೀರು ಹಿಡಿದಿಡುತ್ತದೆ. ಹಿಂಗಾರಿ ಬಿಳಿಜೋಳ ನಾಲ್ಕು ತಿಂಗಳ ಬೆಳೆ, ಚಿತ್ತಿ ಮಳೆ ಮುಗಿದ ಮೇಲೆ ಅದು ಬದುಕುವುದು ಈ ಠೇವಣಿಯ ಮೇಲೆಯೇ. ಒಂದೂವರೆ ಅಡಿ ಎರಿಯಲ್ಲಿ ಠೇವಣಿ ಅರ್ಧಕ್ಕೂ ಕಡಿಮೆ. ಜೋಳ ಮೊಣಕಾಲುದ್ದ ಚಂದ ಬೆಳೆದು, ತೆನೆ ಹಾಲುಗಾಳಿನಲ್ಲಿದ್ದಾಗ ಒಣಗುತ್ತದೆ. ಅದಕ್ಕೇ ನಡು ಹೊಲಕ್ಕೆ ನಾನು ಮುಂಗಾರಿಯಲ್ಲಿ ಹೆಸರು ಹಾಕುತ್ತೇನೆ, ಇಲ್ಲವೆಂದರೆ ಮೂರು ತಿಂಗಳಲ್ಲಿ ಮುಗಿಯುವ ಕಡಲಿ. ಜೋಳ ಹಳ್ಳದ ಪಟ್ಟಿಗಷ್ಟೇ.

ಹುಲ್ಲಿನ ವಿಷಯ ಮಾತ್ರ ಇದಕ್ಕೆ ತಿರುಗುಮುರುಗು. ಇದನ್ನು ತಿಳಿಸಿದವನು ಪ್ರತಿ ವರ್ಷ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುವ ಒಬ್ಬ ಹಿರಿಯ ಕುರಿಗಾರ. ಆಳದ ಎರಿಯ ಹಳ್ಳದ ಅಂಚಿನಲ್ಲಿ ಮೇವು ಹೆಚ್ಚಿರಬೇಕಲ್ಲ, ಮೊದಲ ಮಳೆಗೆ ಕುರಿಯನ್ನು ಮಡ್ಡಿಗೇ ಯಾಕೆ ಹೊಡೆಯುತ್ತೀ ಎಂದು ಕೇಳಿದ್ದೆ.

“ಮೊದಲ ಮಳಿಗೆ ಮಡ್ಡಿ ನಗತೈತಿ ತಮ್ಮಾ. ಎರಿ ಕಣ್ಣ ತಗಿಯಾಕ ಇನ್ನೂ ಎರಡ ಮಳಿ ಆಗಬೇಕು” ಅಂದ.

ಸಣ್ಣ ಮಳೆ ಬಿದ್ದರೆ ಒಣಗಿದ ಜಿಗಟು ಆ ನೀರನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬೇರು ಎಳೆದರೂ ಬಿಡುವುದಿಲ್ಲ. ಬಿದ್ದದ್ದರಲ್ಲಿ ಒಂದು ಪಾಲು ಬಿರುಕಿಗೆ ಇಳಿಯುತ್ತದೆ, ಇನ್ನೊಂದು ಪಾಲು ಬಿಸಿಲಿಗೆ ಹೋಗುತ್ತದೆ. ಮಡ್ಡಿಯ ಗರಸು ನೀರನ್ನು ಹಿಡಿಯುವುದು ಕಡಿಮೆ, ಬೇರಿಗೆ ಕೊಡುವುದು ಸಲೀಸು. ರೋಹಿಣಿ ಮಳೆ ಹೊಯ್ದ ವಾರಕ್ಕೆ ಮಡ್ಡಿ ಹಸಿರಾಗಿ, ಹಳ್ಳದ ಅಂಚು ಇನ್ನೂ ಕಪ್ಪಗೆ ಬಿದ್ದಿರುವುದು ಇದೇ ಕಾರಣಕ್ಕೆ. ದೀಪಾವಳಿ ದಾಟಿದ ಮೇಲೆ ಮಡ್ಡಿಯ ಹುಲ್ಲು ಒಣಗಿರುತ್ತದೆ, ಎರಿಯ ಅಂಚಿನ ಕರಕಿ ಇನ್ನೂ ಹಸಿಯಾಗಿರುತ್ತದೆ. ಒಂದೇ ಬಗೆಯ ನೆಲ ಇದ್ದ ಊರಿನಲ್ಲಿ ಕುರಿ ಸಾಕುವುದು ಕಷ್ಟ. ಎರಡೂ ಇದ್ದರೆ ವರ್ಷದ ಮೇವು ಒಂದರ ಹಿಂದೆ ಒಂದು ಹೊಂದಿಕೊಳ್ಳುತ್ತದೆ.

ಮಳೆ ಹಿಡಿದ ಮೇಲೆ ಎರಿಗೆ ಕುರಿ ಇಳಿಸುವುದೇ ಇಲ್ಲ. ಜಿಗಟು ಗೊರಸಿನ ಸಂದಿಗೆ ಮೆತ್ತಿ ಗಟ್ಟಿಯಾಗುತ್ತದೆ, ಕುರಿ ಕುಂಟುತ್ತದೆ, ಸಂದಿ ಕೊಳೆಯಲು ಶುರುವಾಗುತ್ತದೆ. ನೆಲಕ್ಕೂ ಅದು ಒಳ್ಳೆಯದಲ್ಲ. ಹಸಿ ಎರಿಯಲ್ಲಿ ದನ ತುಳಿದ ಕುಣಿಗಳು ಒಣಗಿ ಕಲ್ಲಾಗುತ್ತವೆ, ಆಮೇಲೆ ಕುಂಟಿ ಹೊಡೆದರೆ ಎತ್ತಿನ ಹೆಗಲು ಕೇಳಬೇಕು. ಒಂದು ಸಮಾಧಾನವೆಂದರೆ ಬೇಸಿಗೆ ಬಂದು ನೆಲ ಬಿರಿದಾಗ ಆ ಗಟ್ಟಿತನ ತಾನೇ ಒಡೆದುಹೋಗುತ್ತದೆ. ಕೆಂಪು ಮಸಾರಿಗೆ ಈ ಭಾಗ್ಯವಿಲ್ಲ.

ಈಗ ಮಡ್ಡಿ ಹರಗುವ ಹುಚ್ಚು ಹೆಚ್ಚಾಗಿದೆ. ಜೆಸಿಬಿ ತಂದು ಕಲ್ಲು ಆರಿಸಿ, ಗೋವಿನಜೋಳ ಹಾಕುತ್ತಾರೆ. ಎರಡು ವರ್ಷ ಬೆಳೆ ಬಂದೀತು. ಹುಲ್ಲಿನ ಬೇರು ಹೋದ ಮೇಲೆ ಇದ್ದ ಗೇಣುದ್ದ ಮಣ್ಣು ದೊಡ್ಡ ಮಳೆಗೆ ಇಳಿದು ಬರುತ್ತದೆ, ಕೆಳಗಿನವನ ಎರಿಯ ಮೇಲೆ ಗರಸು ಹರಡುತ್ತದೆ. ಮೇಲಿನವನಿಗೆ ಮೇವೂ ಇಲ್ಲ, ಬೆಳೆಯೂ ಇಲ್ಲ. ಕೆಳಗಿನವನಿಗೆ ಜಗಳ ಒಂದು ಲಾಭ. ನಾನಂತೂ ನಮ್ಮ ಮಡ್ಡಿಗೆ ನೇಗಿಲು ಮುಟ್ಟಿಸಿಲ್ಲ. ಅದು ಪಡಾ ಬಿದ್ದ ನೆಲ ಎಂದು ಊರವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಒಡ್ಡಿನ ವಿಷಯದಲ್ಲೂ ಎರಿ ತನ್ನದೇ ಹಟ ಸಾಧಿಸುತ್ತದೆ. ಮಸಾರಿಯಲ್ಲಿ ಸಮಪಾತಳಿಗೆ ಒಡ್ಡು ಹಾಕಿದರೆ ನೀರು ಇಂಗುತ್ತದೆ. ಎರಿ ಒಮ್ಮೆ ನೆನೆದು ಬಿರುಕು ಮುಚ್ಚಿತೆಂದರೆ ತಾಸಿಗೆ ಕೆಲವು ಮಿಲಿಮೀಟರ್ ಕೂಡ ಕುಡಿಯುವುದಿಲ್ಲ. ಒಡ್ಡಿನ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಹಳದಿ ತಿರುಗುತ್ತದೆ. ಬೇಸಿಗೆಯಲ್ಲಿ ಒಡ್ಡೇ ಬಿರಿಯುತ್ತದೆ, ಮೊದಲ ಜೋರು ಮಳೆಯ ನೀರು ಆ ಬಿರುಕಿಗೆ ನುಗ್ಗಿ ಒಡ್ಡನ್ನೇ ಒಡೆದು ಹೋಗುತ್ತದೆ. ಬಳ್ಳಾರಿಯಲ್ಲಿ 1954ರಿಂದ ಮಣ್ಣು, ನೀರು ಸಂರಕ್ಷಣೆಯ ಕೇಂದ್ರವೊಂದು ಕಪ್ಪು ಮಣ್ಣಿನ ಮೇಲೆಯೇ ಕೆಲಸ ಮಾಡುತ್ತ ಬಂದಿದೆ. ಆಳದ ಎರಿಗೆ ತುಸು ಇಳಿಜಾರು ಕೊಟ್ಟ ಒಡ್ಡು, ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಕೋಡಿ, ಹಿಂಗಾರಿಗೆ ಮುಂಚೆ ಹೊಲದಲ್ಲಿ ಚೌಕು ಮಡಿ: ಈ ಶಿಫಾರಸನ್ನು ನಾನು ಹಾಗೆಯೇ ಒಪ್ಪಿಕೊಂಡಿದ್ದೇನೆ. ಚೌಕು ಮಡಿ ಮಾಡಿದ ವರ್ಷ ಉತ್ತರಿ ಮಳೆ ಕೈಕೊಟ್ಟರೂ ಹಸಿ ಕೆಳಗೆ ಇರುತ್ತದೆ.

ಕಪ್ಪು ಬಣ್ಣ ಕಂಡು ಗೊಬ್ಬರ ಬೇಡ ಎನ್ನುವವರಿಗೆ ಒಂದು ಮಾತು. ಮಣ್ಣು ಪರೀಕ್ಷೆ ಮಾಡಿಸಿದರೆ ಪೊಟ್ಯಾಷ್ ಬೇಕಾದಷ್ಟು ಇರುತ್ತದೆ; ಸಾವಯವ ಇಂಗಾಲ ಅರ್ಧ ಶೇಕಡಾ ಮುಟ್ಟುವುದು ಅಪರೂಪ, ಸಾರಜನಕ ಕಡಿಮೆ, ಸತುವೂ ಕಡಿಮೆ. ರಸಸಾರ 8ರ ಮೇಲೆ. ಸುಗ್ಗಿಯ ನಂತರ ಕುರಿ ನಿಲ್ಲಿಸುವುದು ಬಿಟ್ಟರೆ ಇದಕ್ಕೆ ಸೋವಿ ಉಪಾಯ ನನಗೆ ಗೊತ್ತಿಲ್ಲ. ಕುರಿಗಾರನಿಗೆ ಜೋಳ ಅಳೆದು ಕೊಡುತ್ತೇನೆ, ರೊಕ್ಕ ಅವನೇ ಬೇಡ ಅನ್ನುತ್ತಾನೆ.

ಮೊನ್ನೆ ಹೊಲದಲ್ಲಿ ಮೋಟರಿನ ಕೋಣೆ ಕಟ್ಟುವ ಪ್ರಸಂಗ ಬಂತು. ಬೋರು ಇರುವುದು ಹಳ್ಳದ ಪಕ್ಕ, ಕೋಣೆಯೂ ಅಲ್ಲೇ ಇರಲಿ ಎಂದು ಮಗನ ವಾದ. ಮೇಸ್ತ್ರಿ ಗುದ್ದಲಿ ಹಾಕಿ ನೋಡಿ, “ಗರಸು ಹತ್ತೂತನ ಅಗೀಬೇಕ್ರೀ ಗೌಡ್ರ, ಎರಿ ಮ್ಯಾಲ ಪಾಯ ನಿಲ್ಲಂಗಿಲ್ಲ” ಎಂದ. ಹಳ್ಳದ ಕಡೆ ಆಳುದ್ದ ತೋಡಿದರೂ ಎರಿಯೇ. ನಡು ಹೊಲದಲ್ಲಿ ಮೊಣಕಾಲಿನ ಮಟ್ಟಕ್ಕೆ ಗರಸು ಸಿಕ್ಕಿತು, ಕೋಣೆ ಅಲ್ಲೇ ಎದ್ದಿತು. ವಾಯರು ಉದ್ದ ಎಳೆಯಬೇಕಾಯಿತು, ಮಗ ಅದರ ಬಿಲ್ಲು ತಂದು ನನ್ನ ಮುಂದಿಟ್ಟ.