ಹದಿನೈದು ಲಕ್ಷದ ಗಾಡಿ, ಎಂಬತ್ತು ಲಕ್ಷದ ಬಿಡಿಭಾಗ

ಹತ್ತು-ಹನ್ನೊಂದು ವರ್ಷದ ಹಿಂದೆ 80 ಲಕ್ಷ ರೂಪಾಯಿಗೆ ಶೋರೂಂ ಬಿಟ್ಟ ಐಷಾರಾಮಿ ಎಸ್‌ಯುವಿ ಇವತ್ತು 15-16 ಲಕ್ಷಕ್ಕೆ ಸಿಗುತ್ತದೆ. ಏಳು ಸೀಟು, ನಾಲ್ಕೂ ಚಕ್ರಕ್ಕೆ ಎಳೆತ, ಗುಂಡಿ ಬಂದರೆ ಮೇಲೇಳುವ ಸಸ್ಪೆನ್ಷನ್, ಚರ್ಮದ ಹೊದಿಕೆ. ಅದೇ ದುಡ್ಡಿಗೆ ಹೊಸದು ಕೊಳ್ಳಹೊರಟರೆ ಮುಂದಿನ ಚಕ್ರ ಮಾತ್ರ ಎಳೆಯುವ ಮಧ್ಯಮ ಗಾತ್ರದ ಗಾಡಿ ಬರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರಿಗೂ ಬೆಂಗಳೂರಿನ ಐಟಿ ಮಂದಿಗೂ ಇದರ ಮೇಲೆ ಕಣ್ಣು ಬೀಳುವುದು ಸಹಜ. ಬೆಲೆ ಇಳಿದದ್ದು ಮಾತ್ರ ಗಾಡಿಯದು, ಅದರ ಬಿಡಿಭಾಗಗಳದ್ದಲ್ಲ. ತಾನೀಗ ಹದಿನೈದು ಲಕ್ಷದ ಗಾಡಿಯಲ್ಲಿದ್ದೇನೆ ಎಂದು ಗೇರ್‌ಬಾಕ್ಸಿಗೆ ಯಾರೂ ಹೇಳಿರುವುದಿಲ್ಲ. ಕೆಟ್ಟಾಗ ಅದು 80 ಲಕ್ಷದ ಗಾಡಿಯ ಲೆಕ್ಕದಲ್ಲೇ ಬಿಲ್ ಕಳಿಸುತ್ತದೆ.

ಈ ಅಂಕಣಕಾರನ ಭಾವ ಸಕಲೇಶಪುರದ ಕಾಫಿ ಬೆಳೆಗಾರ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಅವರಿಗೂ ಇಂಥದ್ದೊಂದು ಗಾಡಿ ಬೇಕೆನಿಸಿತು. ಹುಡುಕಾಟ, ಪರೀಕ್ಷೆ, ಚೌಕಾಸಿ ಎಲ್ಲದರಲ್ಲೂ ಅಂಕಣಕಾರ ಜೊತೆಗಿದ್ದ. ಹಲಸೂರಿನ ಕಡೆ ಗ್ಯಾರೇಜ್ ಇಟ್ಟುಕೊಂಡು ಇಂಥ ಗಾಡಿಗಳನ್ನಷ್ಟೇ ಬಿಚ್ಚುವ ಮೆಕ್ಯಾನಿಕ್ ಒಬ್ಬರೂ ಜೊತೆಗಿದ್ದರು. ಗಾಡಿಯ ಕಂಪನಿ ಯಾವುದು ಎನ್ನುವುದು ಇಲ್ಲಿ ಬೇಡ. ಈ ವಯಸ್ಸಿಗೆ ಬಂದ ಯುರೋಪಿನ ಗಾಡಿಗಳೆಲ್ಲದರ ಕತೆಯೂ ಹೆಚ್ಚುಕಡಿಮೆ ಒಂದೇ. ಟೊಯೋಟಾ ಲ್ಯಾಂಡ್ ಕ್ರೂಸರ್ ಥರದವು ಹಳೆಯದಾದರೂ ಬೆಲೆ ಬಿಡುವುದಿಲ್ಲ. ಬೇಗ ಬೆಲೆ ಬಿಡುವ ಗಾಡಿ ಯಾಕೆ ಬಿಡುತ್ತದೆ ಎನ್ನುವುದು ಮಾರುಕಟ್ಟೆಗೆ ಚೆನ್ನಾಗಿ ಗೊತ್ತು.

ಮೊದಲು ಕಣ್ಣಿಗೆ ಬಿದ್ದದ್ದು ದೆಹಲಿ ನೋಂದಣಿಯ ಗಾಡಿ. ಬೆಂಗಳೂರಿನ ಗಾಡಿಗಿಂತ ಮೂರೂವರೆ ಲಕ್ಷ ಅಗ್ಗ. ಇದಕ್ಕೆ ಕಾರಣವಿದೆ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ಅಲ್ಲಿನ ಹಳೆಯ ಡೀಸೆಲ್ ಗಾಡಿಗಳು ದಕ್ಷಿಣದ ಹಾದಿ ಹಿಡಿದಿವೆ. ಇಲ್ಲಿಗೆ ಬಂದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇದ್ದರೆ ಮರುನೋಂದಣಿ ಕಡ್ಡಾಯ, ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಇಲ್ಲಿನ ದರ ಶೇ 18, ಆ ತೆರಿಗೆಯ ಮೇಲೆ ಸೆಸ್ ಬೇರೆ. 80 ಲಕ್ಷಕ್ಕೆ ಬರೀ ತೆರಿಗೆಯೇ 14.40 ಲಕ್ಷ. ಗಾಡಿಗೆ ವಯಸ್ಸಾದಷ್ಟೂ ಅದರ ಕಡಿಮೆ ಪಾಲು ಕಟ್ಟಿದರೆ ಸಾಕು, ನಿಜ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಗಾಡಿಯ ಮೂಲ ಬೆಲೆಯಿಂದ. ಮೂರೂವರೆ ಲಕ್ಷದ ಉಳಿತಾಯ ಅಲ್ಲಿಗೇ ಮುಗಿಯಿತು.

ತೆರಿಗೆ ಕಟ್ಟದೆ ಹಳೆಯ ನಂಬರ್ ಪ್ಲೇಟಿನಲ್ಲೇ ಓಡಿಸುತ್ತೇನೆ ಎನ್ನುವವರು ಪೇಪರ್ ಓದುವುದು ಒಳ್ಳೆಯದು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಹೊರರಾಜ್ಯ ನೋಂದಣಿಯ ಸುಮಾರು 30 ಐಷಾರಾಮಿ ಕಾರುಗಳನ್ನು ಜಪ್ತಿ ಮಾಡಿತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯ ಮಾಲೀಕರು ದಂಡವೂ ಸೇರಿ 1.41 ಕೋಟಿ ರೂಪಾಯಿ ಕಟ್ಟಬೇಕಾಯಿತು.

ಮುಂದೆ ಭಾವ ನೋಡಹೊರಟದ್ದು ಬೆಂಗಳೂರು ನೋಂದಣಿಯ ಡೀಸೆಲ್ ಗಾಡಿ. ಕೇಳಿದ ಬೆಲೆ 16 ಲಕ್ಷ. ಮಾರುವವರದ್ದು ಅಪಾರ್ಟ್‌ಮೆಂಟ್, ಗಾಡಿ ಬೇಸ್‌ಮೆಂಟಿನಲ್ಲಿತ್ತು. ಮೆಕ್ಯಾನಿಕ್ ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದರು: "ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ ಸಾರ್. ನಿಂತ ಜಾಗದಲ್ಲೇ ಇರ್ಲಿ." ಹೋಗಿ ಬಾನೆಟ್ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. "ಡ್ರೈವರ್ ವಾಶ್ ಮಾಡ್ಸೋಕೆ ತಗೊಂಡ್ ಹೋಗಿದ್ದ" ಎಂದರು ಮಾಲೀಕರು. ಮೆಕ್ಯಾನಿಕ್ ವಾದಕ್ಕಿಳಿಯಲಿಲ್ಲ. ಟೇಪ್ ತೆಗೆದು ನಾಲ್ಕೂ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್‌ನ ಅಂಚಿನವರೆಗೆ ಅಳೆದು ಬರೆದುಕೊಂಡು, "ನಾಳೆ ಬೆಳಿಗ್ಗೆ ಬರ್ತೀವಿ, ಕೀ ನಿಮ್ಮ ಹತ್ರಾನೇ ಇಟ್ಕೊಳ್ಳಿ" ಎಂದು ಹೊರಟುಬಿಟ್ಟರು.

ತಣ್ಣಗಿರುವ ಗಾಡಿಯೇ ಬೇಕೆನ್ನುವುದು ಮೆಕ್ಯಾನಿಕ್‌ನ ಮೊಂಡುತನವಲ್ಲ. ಬೆಚ್ಚಗಿನ ಎಂಜಿನ್ ಬಹಳಷ್ಟು ರೋಗ ಮುಚ್ಚಿಡುತ್ತದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆಯೇ, ಮೊದಲ ಹೊಗೆ ಯಾವ ಬಣ್ಣದ್ದು, ಮೊದಲ ಕೆಲವು ಸೆಕೆಂಡು ಒಳಗಿನಿಂದ ಕಟಕಟ ಸದ್ದು ಬರುತ್ತದೆಯೇ ಎನ್ನುವುದೆಲ್ಲ ತಣ್ಣಗಿದ್ದಾಗ ಮಾತ್ರ ತಿಳಿಯುತ್ತದೆ. ಏರ್ ಸಸ್ಪೆನ್ಷನ್ ಇದ್ದರಂತೂ ಗಾಡಿ ಇಡೀ ರಾತ್ರಿ ನಿಂತಲ್ಲೇ ನಿಂತಿರಬೇಕು. ಇದರಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು ಗಾಡಿಯನ್ನು ಹೊತ್ತಿರುತ್ತವೆ. 1990ರ ದಶಕದ ಆರಂಭದಲ್ಲಿ ರೇಂಜ್ ರೋವರ್‌ನಲ್ಲಿ ಬಂದ ಈ ವ್ಯವಸ್ಥೆ ಈಗ ಈ ವರ್ಗದಲ್ಲಿ ಮಾಮೂಲು. ವರ್ಷ ಕಳೆದಂತೆ ರಬ್ಬರ್ ಬಿರಿಯುತ್ತದೆ, ಗಾಳಿ ಸಣ್ಣಗೆ ಸೋರುತ್ತದೆ. ಗಾಡಿ ಸ್ಟಾರ್ಟ್ ಆದ ಕೂಡಲೇ ಕಂಪ್ರೆಸರ್ ಗಾಳಿ ತುಂಬಿ ಕೊರತೆ ಮುಚ್ಚುವುದರಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ.

ಮರುದಿನ ಬೆಳಿಗ್ಗೆ ಎಡಗಡೆಯ ಮುಂಚಕ್ರದ ಅಳತೆ ನಾಲ್ಕು ಸೆಂಟಿಮೀಟರ್ ಕಡಿಮೆಯಿತ್ತು. ಗಾಡಿ ಸ್ಟಾರ್ಟ್ ಮಾಡಿಸಿ, ಮೇಲೇಳಿಸಿ, ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಹಿಡಿದು ಮೆಕ್ಯಾನಿಕ್ ಚಕ್ರದ ಹಿಂದೆ ತಲೆ ತೂರಿಸಿದರು. ಚೀಲದ ಕೆಳಮಡಿಕೆಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಒಂದೇ ಮೂಲೆ ಕುಸಿದರೆ ಆ ಮೂಲೆಯ ಚೀಲ ಅಥವಾ ಅದರ ಪೈಪು. ಒಂದು ಆಕ್ಸಲ್‌ನ ಎರಡೂ ಬದಿ ಒಟ್ಟಿಗೆ ಕುಸಿದರೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ಮೇಲೆ ಅನುಮಾನ ಪಡಬೇಕು. ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಆದ್ದರಿಂದ ಸೋರುವ ಚೀಲ ಸಿಕ್ಕರೆ ಕಂಪ್ರೆಸರ್‌ನ ದುಡ್ಡನ್ನೂ ಪಕ್ಕದಲ್ಲೇ ಬರೆದುಕೊಳ್ಳಬೇಕು. ಈ ಗಾಡಿಯ ಕಂಪ್ರೆಸರ್ ಮೇಲೇಳಿಸಲು ತೆಗೆದುಕೊಂಡ ಹೊತ್ತು, ಮಾಡಿದ ಗೊರಗೊರ ಸದ್ದು ಕೇಳಿಯೇ ಮೆಕ್ಯಾನಿಕ್ ತಲೆಯಾಡಿಸಿದ್ದರು.

ಟೈರ್ ನೋಡುವಾಗ ಜನ ಟ್ರೆಡ್‌ನ ಆಳ ಮಾತ್ರ ನೋಡುತ್ತಾರೆ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಬೇಕು. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರ್. ಈ ಗಾಡಿಯ ಎರಡು ಟೈರ್ ಒಂದು ಕಂಪನಿಯವು, ಇನ್ನೆರಡು ಬೇರೆ, ಸವೆತವೂ ಬೇರೆ ಬೇರೆ. ಸದಾ ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಸುತ್ತಳತೆ ಹೊಂದದ ಟೈರ್ ಹಾಕಿದರೆ ಮುಂದಿನ-ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಸದಾ ಒತ್ತಡ ಬೀಳುತ್ತದೆ. ಟೈರಿನಲ್ಲಿ ದುಡ್ಡು ಉಳಿಸಿದವರು ಆಯಿಲ್‌ನಲ್ಲೂ ಉಳಿಸಿರುತ್ತಾರೆ ಎನ್ನುವುದು ಮೆಕ್ಯಾನಿಕ್‌ನ ಅನುಭವ, ಇಲ್ಲಿ ಅದು ನಿಜವೇ ಆಯಿತು.

ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ದಾಖಲೆಯೇ ಇರಲಿಲ್ಲ. "ಅದು ಲೈಫ್‌ಟೈಮ್ ಆಯಿಲ್, ಬದಲಿಸೋ ಹಾಗೇ ಇಲ್ಲ" ಎಂದು ಮಾಲೀಕರು ವಾದಿಸಿದರು. ಹಲವು ಕಾರು ಕಂಪನಿಗಳು ಹಾಗೆ ಹೇಳುವುದುಂಟು. ಆದರೆ ರೇಂಜ್ ರೋವರ್, ಬಿಎಂಡಬ್ಲ್ಯು ಮುಂತಾದವಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನ ನಡುವೆ ಆಯಿಲ್ ಬದಲಿಸಲು ಹೇಳುತ್ತದೆ. ಗೇರ್‌ಬಾಕ್ಸ್ ಮಾಡಿದವರಿಗಿಂತ ಗಾಡಿ ಮಾರುವವರ ಮಾತು ಹೆಚ್ಚೇನಲ್ಲ. ಎಷ್ಟೋ ಗಾಡಿಗಳಲ್ಲಿ ಫಿಲ್ಟರ್ ಆಯಿಲ್ ತುಂಬಿರುವ ಪ್ಲಾಸ್ಟಿಕ್ ಸಂಪ್‌ನೊಳಗೇ ಇರುವುದರಿಂದ ಇಡೀ ಸಂಪ್ ಬದಲಾಗುತ್ತದೆ, ಬಿಲ್ ದೊಡ್ಡದಾಗುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಸಣ್ಣದೊಂದು ಎಳೆತ ಭಾವನಿಗೂ ಗೊತ್ತಾಯಿತು. ಕಡಿದಾದ ಹಾದಿಗೆಂದೇ ಇರುವ ಲೋ ರೇಂಜ್ ಗೇರ್ ಮಾತ್ರ ಗುಂಡಿ ಒತ್ತಿದ ಕೂಡಲೇ ಬಿತ್ತು. ಬೆಂಗಳೂರಿನ ಮಾಲೀಕರು ಅದನ್ನು ಒಮ್ಮೆಯಾದರೂ ಬಳಸಿದ್ದು ಅನುಮಾನವೇ!

ಸ್ಕ್ಯಾನರ್ ಹಾಕಿದಾಗ ಒಂದೂ ಫಾಲ್ಟ್ ಕೋಡ್ ಬರಲಿಲ್ಲ. ಭಾವನ ಮುಖ ಅರಳಿತು, ಮೆಕ್ಯಾನಿಕ್‌ನ ಮುಖ ಗಂಟಿಕ್ಕಿತು. ಇಷ್ಟು ವಯಸ್ಸಿನ ಇಂಥ ಗಾಡಿಯಲ್ಲಿ ಒಂದೂ ಕೋಡ್ ಇಲ್ಲವೆಂದರೆ ಯಾರೋ ಈಚೆಗೆ ಅಳಿಸಿದ್ದಾರೆ ಎಂದೇ ಅವರು ಲೆಕ್ಕ ಹಾಕುವುದು. ಕೋಡ್ ಅಳಿಸಿದರೆ ಎಂಜಿನ್ ತನ್ನಷ್ಟಕ್ಕೆ ಮಾಡಿಕೊಳ್ಳುವ ಸ್ವಯಂ ತಪಾಸಣೆಯ ದಾಖಲೆಯೂ ಅಳಿಯುತ್ತದೆ, ಗಾಡಿ ಮತ್ತಷ್ಟು ಓಡುವವರೆಗೆ ಆ ಪಟ್ಟಿಯಲ್ಲಿ "ಅಪೂರ್ಣ" ಎಂದೇ ಬರುತ್ತದೆ. ಹಾಗೇ ಬಂತು. ಸಾವಿರ ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುವ ಸ್ಕ್ಯಾನರ್ ಸಾಮಾನ್ಯವಾಗಿ ಎಂಜಿನ್ನಿನ ಕೋಡ್ ಮಾತ್ರ ಓದುತ್ತದೆ. ಸಸ್ಪೆನ್ಷನ್, ಗೇರ್‌ಬಾಕ್ಸ್, ಏರ್‌ಬ್ಯಾಗ್‌ನ ಕಂಪ್ಯೂಟರ್‌ಗಳನ್ನು ಮಾತಾಡಿಸಲು ಆಯಾ ಕಂಪನಿಯ ಗಾಡಿಗೆಂದೇ ಇರುವ ಉಪಕರಣ ಬೇಕು. ಅದು ಇರುವ ಗ್ಯಾರೇಜಿಗೆ ಪರೀಕ್ಷೆಯ ಶುಲ್ಕ ಕೊಡಲು ಹಿಂದೇಟು ಹಾಕಬಾರದು.

ನೀರಿನಲ್ಲಿ ಮುಳುಗಿತ್ತೇ ಎನ್ನುವ ಪರೀಕ್ಷೆಯಲ್ಲಿ ಈ ಗಾಡಿ ಪಾಸಾಯಿತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರಿನ ವಿಲ್ಲಾಗಳಲ್ಲಿ ದುಬಾರಿ ಕಾರುಗಳು ಮುಳುಗಿ ನಿಂತ ಚಿತ್ರ ದೇಶವೇ ನೋಡಿತ್ತು. ಅಂಥ ಗಾಡಿಗಳು ಒರೆಸಿಕೊಂಡು, ಸೆಂಟು ಹಾಕಿಕೊಂಡು ಮತ್ತೆ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಕಂಬಿ ಕೂರಿಸಿದ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ, ಸ್ಟೆಪ್ನಿ ಇಡುವ ಜಾಗದಲ್ಲಿ ನುಣ್ಣನೆಯ ಮಣ್ಣು ಕೂತಿದೆಯೇ ನೋಡಿ. ಸನ್‌ರೂಫ್ ಇದ್ದರೆ ಮುಂದಿನ ಕಾರ್ಪೆಟ್ ಒತ್ತಿ ನೋಡಿ. ರೂಫಿನ ನೀರು ಇಳಿಯುವ ಪೈಪಿನಲ್ಲಿ ಕಸ ಕಟ್ಟಿದರೆ ಮಳೆನೀರು ಒಳಗೇ ಇಳಿದು ವೈರಿಂಗ್ ತಿನ್ನುತ್ತದೆ.

ಪರೀಕ್ಷೆ ಮುಗಿದ ಮೇಲೆ ಮೆಕ್ಯಾನಿಕ್ ಒಂದು ಚೀಟಿ ಬರೆದುಕೊಟ್ಟರು. ಮುಂದಿನ ಎರಡು ಗಾಳಿ ಚೀಲ 1.40 ಲಕ್ಷ, ಕಂಪ್ರೆಸರ್ 60 ಸಾವಿರ, ಗೇರ್‌ಬಾಕ್ಸ್ ಸಂಪ್ ಮತ್ತು ಆಯಿಲ್ 45 ಸಾವಿರ, ನಾಲ್ಕು ಟೈರ್ 1.12 ಲಕ್ಷ, ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್ 80 ಸಾವಿರ. ಒಟ್ಟು 4.37 ಲಕ್ಷ. ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಕೆಲವು ಅಗ್ಗವಾಗಿ ಸಿಗಬಹುದಿತ್ತು. ಆದರೆ ಯಾವುದೋ ಗಾಡಿಯಿಂದ ಬಿಚ್ಚಿದ ಹಳೆಯ ರಬ್ಬರ್ ಚೀಲ ತಂದು ಹಾಕುವುದು ಶುದ್ಧ ದಂಡ. ಚೀಟಿ ನೋಡಿದ ಮಾಲೀಕರು 75 ಸಾವಿರ ಇಳಿಸಿದರು, ಅದಕ್ಕಿಂತ ಒಂದು ಪೈಸೆ ಇಳಿಯಲಿಲ್ಲ. ಅಂದರೆ 15.25 ಲಕ್ಷದ ಗಾಡಿ, ರಿಪೇರಿ ಸೇರಿ 19.62 ಲಕ್ಷ.

ಇದೇ ಮಾದರಿಯ ಇನ್ನೊಂದು ಗಾಡಿಗೆ ಮೈಸೂರಿನ ಮಾಲೀಕರೊಬ್ಬರು 18 ಲಕ್ಷ ಕೇಳಿದ್ದರು. ದುಬಾರಿ ಎಂದು ಭಾವ ಅದನ್ನು ಆಗಲೇ ಪಟ್ಟಿಯಿಂದ ತೆಗೆದಿದ್ದರು. ಈಗ ಹೋಗಿ ನೋಡಿದರೆ ಪ್ರತಿ ಸರ್ವಿಸ್‌ನ ಬಿಲ್ಲು ಫೈಲಿನಲ್ಲಿ, ಹಿಂದಿನ ವರ್ಷವಷ್ಟೇ ಹಾಕಿಸಿದ ಗಾಳಿ ಚೀಲ, ಒಂದೇ ಬ್ಯಾಚಿನ ನಾಲ್ಕು ಟೈರ್. ರಾತ್ರಿ ಕಳೆದರೂ ಅಳತೆ ಒಂದೆಳೆ ಕದಲಲಿಲ್ಲ. "ಭಾವ, ಇದೇ ಅಗ್ಗ" ಎಂದು ಅಂಕಣಕಾರ ಹೇಳುವ ಹೊತ್ತಿಗೆ ಅವರು ಚೆಕ್‌ಬುಕ್ ತೆಗೆದಿದ್ದರು.

ವಿಮೆ ಇದೆಯಲ್ಲ, ರಿಪೇರಿಗೆ ಆಗುತ್ತದೆ ಎಂದುಕೊಳ್ಳುವವರು ಪಾಲಿಸಿ ಒಮ್ಮೆ ತೆರೆದು ಓದಬೇಕು. ಯಂತ್ರದ ಅಥವಾ ವಿದ್ಯುತ್ತಿನ ದೋಷದಿಂದ ಆದ ಕೆಡುಕಿಗೆ ಸಾಮಾನ್ಯ ಮೋಟಾರು ವಿಮೆ ಹಣ ಕೊಡುವುದಿಲ್ಲ. ಅಪಘಾತದಲ್ಲೇ ಹಾಳಾದರೂ ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಶೇ 50 ಸವಕಳಿ ಕಳೆದೇ ಕೊಡುತ್ತಾರೆ. ಅದನ್ನು ತಪ್ಪಿಸುವ ಝೀರೋ ಡೆಪ್ರಿಸಿಯೇಶನ್ ಸೌಲಭ್ಯ ಇಷ್ಟು ಹಳೆಯ ಗಾಡಿಗೆ ಸಿಗುವುದು ಕಷ್ಟ. ಸಾಲವೂ ಅಷ್ಟೇ: ಹತ್ತು ವರ್ಷದ ಆಸುಪಾಸಿನ ಗಾಡಿಯೆಂದರೆ ಬಹಳಷ್ಟು ಬ್ಯಾಂಕುಗಳು ಕೈ ಚೆಲ್ಲುತ್ತವೆ. ಹಾಗಾಗಿ ಖರೀದಿಯೂ ರಿಪೇರಿಯೂ ಕೈಯಲ್ಲಿರುವ ನಗದಿನಿಂದಲೇ ನಡೆಯಬೇಕು. ಗಾಡಿಗೆ ಕೊಟ್ಟ ಬೆಲೆಯ ಕಾಲು ಭಾಗದಷ್ಟು ಹಣ ಬ್ಯಾಂಕಿನಲ್ಲಿ ಉಳಿಯುವುದಿಲ್ಲ ಎಂದಾದರೆ ಈ ವರ್ಗದ ಗಾಡಿಯ ತಂಟೆಗೆ ಹೋಗದಿರುವುದೇ ಲೇಸು. ವಿದೇಶದಲ್ಲಿ ತಯಾರಾಗಿ ಆಮದಾದ ಕಾರಾದರೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ 40,000 ರೂಪಾಯಿ ಶುಲ್ಕವೂ ಕಾದಿದೆ.

ಅಡ್ವಾನ್ಸ್ ಕೊಡುವ ಮುನ್ನ ಚಾಸಿಸ್ ಮೇಲಿನ 17 ಅಕ್ಷರಗಳನ್ನು ಆರ್‌ಸಿಯ ಜೊತೆ ನೀವೇ ತಾಳೆ ನೋಡಿ. ಪರಿವಾಹನ್ ಜಾಲತಾಣದಲ್ಲಿ ಬಾಕಿ ದಂಡ, ಸಾಲದ ನಮೂದು ಇವೆಯೇ ಪರಿಶೀಲಿಸಿ. ಸಾಲ ತೀರಿದ್ದರೆ ಬ್ಯಾಂಕಿನ ಸಹಿಯಿರುವ ಫಾರಂ 35, ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಕೈಗೆ ಬಂದ ಮೇಲಷ್ಟೇ ಪೂರ್ತಿ ಹಣ ಕೊಡಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಅದು ಹಳೆಯ ಮಾಲೀಕರದ್ದು. ಆದ್ದರಿಂದ ನಿಮ್ಮ ಪಾಲಿಗೆ ಪ್ರೀಮಿಯಂ ಎಷ್ಟು ಬೀಳುತ್ತದೆ ಎಂದು ವಿಮಾ ಕಂಪನಿಯನ್ನು ಮೊದಲೇ ಕೇಳಿ, ಅದನ್ನೂ ಗಾಡಿಯ ಬೆಲೆಗೆ ಸೇರಿಸಿ ನೋಡಿ.