ಊರಿಗೆ ಹೋದಾಗ ನೀರನ್ನೂ ವಿಚಾರಿಸಿ

ರಾಜಾಜಿನಗರದ ನಮ್ಮ ನಲ್ಲಿಗೆ ಕಾವೇರಿ ಬರುತ್ತದೆ. ಪಾವಗಡ, ಶಿರಾ, ಚಿಂತಾಮಣಿ ಕಡೆ ಊರಲ್ಲೇ ಉಳಿದ ಅಪ್ಪ-ಅಮ್ಮನಿಗೆ ಹೆಚ್ಚಾಗಿ ಕೊಳವೆಬಾವಿಯೇ ಗತಿ. ಹಬ್ಬಕ್ಕೆ ಹೋದಾಗ ಆ ನೀರಿನ ಬಗ್ಗೆಯೂ ಕೇಳಿ.

ತಿಳಿಯಾಗಿದೆ, ಸಿಹಿಯಾಗಿದೆ ಎಂದು ನಂಬಬೇಡಿ. ಆ ಸೀಮೆಯ ದೊಡ್ಡ ಕಾಟ ಫ್ಲೋರೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ತೀರಾ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಸೆಟೆದುಕೊಳ್ಳುತ್ತವೆ. ಕುದಿಸಿದರೆ ಕ್ರಿಮಿ ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಗೊಬ್ಬರ, ಕಕ್ಕಸುಗುಂಡಿಗಳಿಂದ ಇಳಿಯುವ ನೈಟ್ರೇಟೂ ಹಾಗೆಯೇ. ಹಸುಗೂಸಿಗೆ ಅದು ಅಪಾಯ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಕ್ರಿಮಿಯ ಭಯವೂ ಸಣ್ಣದಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ನಲ್ಲಿಯ ತುದಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ನೀರುಗಂಟಿಯನ್ನು ಗದರಬೇಡಿ. ಕಡಿಮೆ ಸಂಬಳದಲ್ಲಿ ಇಡೀ ಊರಿನ ವಾಲ್ವ್ ತಿರುಗಿಸುವವರು ಅವರೇ. ಟ್ಯಾಂಕ್ ಯಾವಾಗ ತೊಳೆದಿರಿ, ಬ್ಲೀಚಿಂಗ್ ಪುಡಿ ಇದೆಯೇ ಎಂದು ಪ್ರೀತಿಯಿಂದ ಕೇಳಿ. ಗ್ರಾಮ ಪಂಚಾಯಿತಿಯ ಪಿಡಿಒ ಬಳಿ ನೀರಿನ ಪರೀಕ್ಷಾ ವರದಿ ಕೇಳುವುದು ನಿಮ್ಮ ಹಕ್ಕು: ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ಕ್ರಿಮಿ ಪರೀಕ್ಷೆ ಮಳೆಗಾಲದ ಹಿಂದೆ-ಮುಂದೆ ಎರಡು ಸಲ ಆಗಬೇಕು. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐವರು ಹೆಂಗಸರಿಗೆ ಕಿಟ್ ಬಳಸಿ ನೀರು ಪರೀಕ್ಷಿಸಲು ತರಬೇತಿ ಕೊಡಬೇಕೆಂದಿದೆ. ನಿಮ್ಮೂರಲ್ಲಿ ಆ ಐವರು ಯಾರೆಂದು ಅಮ್ಮನನ್ನೇ ಕೇಳಿ. ಗೊತ್ತಿಲ್ಲ ಎಂದರೆ ಮುಂದಿನ ಗ್ರಾಮಸಭೆಯಲ್ಲಿ ಆ ಪ್ರಶ್ನೆ ಎತ್ತಿ.